ಅಚ್ಚಿಲ್ಲದ ಮೀನು

ನಾತಾಳಕ್ಕ ಇನ್ನೂ ಎರಡು ದಿನ ಇರೂವಾಗ
ಕ್ಯಾಂಪಿನ ಮನಿಮನಿಯಿಂದ ತಾಟು ಬರತಾವ ನಮ್ಮ ಭಟ್ಟಿಗೆ:
ತಲಿಮ್ಯಾಲೆ, ಸೈಕಲ್ಲಿನ ಹಿಂದ, ಒಮ್ಮೆ ಕೂಸಿನ ಗಾಡಿಯೊಳಗ,
ಕೂಸನ್ನ ಕಂಕುಳಿಗೆ ಏರಿಸಿಕೊಂಡು.
ಹಸೀ ಅರಿವಿ ಮುಚ್ಚಿದ ಹಸೀ ಬಿಸ್ಕೀಟು,
ಮೂಲ್ಯಾಗ ಹೆಸರಿನ ಚೀಟಿ.

ಚೀಟಿ ಯಾಕ ಬೇಕ್ರಿ?
ಇಪ್ಪತ್ತೆರಡು ವರ್ಷ ಈ ಬೆಂಕಿಯ ಬಾಯಿಗೆ ಮುಖ ಕೊಟ್ಟು ನಿಂತಾಂವ ನಾ.
ತೆಳ್ಳಗ ಲಟ್ಟಿಸಿ ಅಂಚು ಸುಟ್ಟುಕೊಳ್ಳೋದು ಟೀಚರಬಾಯಿದು.
ಜಾಜಿಕಾಯಿ ವಾಸನಿ ಮುಂದ, ತಾಟು ಹಿಂದ ಬರೋದು ಲೋಬೋ ಅವರದು.
ತುಪ್ಪ ಉಳಿಸಿ ಡಾಲ್ಡಾ ಹಾಕಿದವರು ಯಾರು ಅನ್ನೋದೂ ಗೊತ್ತು,
ಹೇಳಂಗಿಲ್ಲ.

ಫುರ್ತಾಡೊ ಅವರ ಮನಿಯಿಂದ ಮೊದಲು ಒಂದ ತಾಟು ಬರತಿತ್ತು.
ಚುಕ್ಕಿ, ಗಂಟಿ, ಮೀನು, ಗಿಡ:
ನಾಕೂ ಅಚ್ಚು ಅವರ ಅತ್ತಿ ಮಾಡಿಸಿದ್ದಂತ.
ಖಡೇಬಜಾರದ ತಗಡಿನಾಂವ ಎಣ್ಣಿಡಬ್ಬಿ ಕತ್ತರಿಸಿ ಬಗ್ಗಿಸಿ ಕೊಟ್ಟಿದ್ದು.
ನಾತಾಳದ ಚುಕ್ಕಿ ಅಂವ ಎಲ್ಲಿ ನೋಡಿರಬೇಕು?
ಐದನೇ ಕಾಲು, ತಗಡು ಎಷ್ಟು ಉಳಿತೋ ಅಷ್ಟ ಆತು.
ಹುಟ್ಟಾ ಕುಂಟ, ಆ ಚುಕ್ಕಿ.

ಆಮ್ಯಾಲೆ ಅಣ್ಣತಮ್ಮರು ಬ್ಯಾರೆ ಆದರು.
ಹಿತ್ತಲ ಪಾಲಾತು. ಬಾವಿಯ ನಡುವ ಗ್ವಾಡಿ ಬಂತು.
ಪಿಯಾನೊ ಮಾರಿ ರೊಕ್ಕ ಹಂಚಿಕೊಂಡರು.
ಕಡೀಕ ಅಚ್ಚು:
ಹಿರೇ ಸೊಸಿ ಎಸ್ಪೆರಾನ್ಸ ಬಾಯಿಗೆ ಚುಕ್ಕಿ, ಗಂಟಿ,
ಸಣ್ಣಾಕಿ ಕ್ಲೊತಿಲ್ಡಾಗ ಮೀನು, ಗಿಡ.
ಅಂದಿನಿಂದ ಎರಡು ತಾಟು.
ಒಬ್ಬಾಕಿ ಕೊಟ್ಟು ಹೋಗೂತನಾ
ಇನ್ನೊಬ್ಬಾಕಿ ಮಿಲಿಟರಿ ಗ್ವಾಡಿಯ ಬಾಜೂ ಕಾಯತಿದ್ದಳು,
ಶಾಲು ಹೊದ್ದು, ಆ ಥಂಡ್ಯಾಗ.
ನೆಗೆಣ್ಣಿಯರ ಮಾತು ನಿಂತು ಒಂಬತ್ತು ನಾತಾಳ.
ಭಟ್ಟಿಯೊಳಗ ಮಾತ್ರ ಅವರ ತಾಟು ಒಂದ ಕಲ್ಲಿನ ಮ್ಯಾಲೆ.

ಹೋದ ವರ್ಷ ಥಂಡಿ ಜಾಸ್ತಿ, ಬೆಂಕಿ ಹಿತ,
ಸುಳ್ಳ್ಯಾಕ ಹೇಳಲಿ, ನಿದ್ದಿ ಹತ್ತಿತು.
ಜಾಲಿ ಕಟಗಿ ಒಮ್ಮೆಲೆ ಹೊತ್ತಿ
ಕ್ಲೊತಿಲ್ಡಾ ಬಾಯಿಯ ಒಂದು ಸಾಲು ಮೀನು ಇದ್ದಲಿ.
ಏಳು. ಎಣಿಸಿದೆ.
"ರೊಕ್ಕ ತಗೋಬ್ಯಾಡ, ಮಾಫಿ ಕೇಳು" ಅಂದರು ಮುನಾಫಸಾಬರು.
ಹೂಂ ಅಂದೆ.
ಅವರು ನಮಾಜಿಗೆ ಹೋದಮ್ಯಾಲೆ
ಬಾಜೂದ ತಾಟಿನಿಂದ ಏಳು ಕುಂಟ ಚುಕ್ಕಿ ತಗದು ಖಾಲಿ ಜಾಗಕ್ಕ ಇಟ್ಟೆ.
ಆ ತಾಟು ಬೋಳು ಕಂಡಿತು ಅಂತ ಇತ್ತಲಿನ ನಾಕು ಮೀನು ಅತ್ತ.
ಲೆಕ್ಕ ಕೂಡಲಿಲ್ಲ.
ಮೂರನೇತ್ತಕ್ಕ ಶಾಲಿ ಬಿಟ್ಟಾಂವ ನಾ.

ಬಯ್ಯಾಕ ಯಾರೂ ಬರಲಿಲ್ಲ.
ಹಬ್ಬದ ಮುಂಜಾನೆ ಎಂದಿನಂಗ ಎರಡೂ ಮನಿಯ ಫರಾಳ ಬಂತು.
ಕ್ಲೊತಿಲ್ಡಾ ಬಾಯಿಯ ಪೊಟ್ಟಣದಾಗ ಒಂದು ಚುಕ್ಕಿ:
ಬಿಳಿ ಸಕ್ಕರಿ ಬಳದು, ನಡುವ ಬೆಳ್ಳಿಗುಂಡು ಅಂಟಿಸಿ,
ಆ ಗಿಡ್ಡ ಕಾಲಿಗೆ
ಬರೇ ಸಕ್ಕರಿಯದ ಒಂದು ತುದಿ ಕಟ್ಟಿ
ಉಳಿದ ನಾಕರ ಸಮ ಮಾಡಿದ್ದಳು.
ತಿನ್ನಾಕ ಮನಸಾಗದ ಇಟ್ಟಿದ್ದೆ, ಇರಿವಿ ತಿಂದವು.
ಎಸ್ಪೆರಾನ್ಸ ಬಾಯಿಯ ಪೊಟ್ಟಣದಾಗ ಗಂಟಿ ಅಷ್ಟ.
ಮೀನು ತಿಂದರೋ, ಚೆಲ್ಲಿದರೋ,
ನಾ ಕೇಳಲಿಲ್ಲ.

ಈ ವರ್ಷ ಆಕಿ ತಾಟು ಕೊಟ್ಟು
ಚೀಟಿಯನ್ನ ಎರಡು ಸಲ ಸರಿಮಾಡಿ
ಹೋದಳು.
ಅರಿವಿ ಎತ್ತಿದೆ:
ಚುಕ್ಕಿ, ಗಂಟಿ, ಚುಕ್ಕಿ, ಗಂಟಿ,
ಮೂಲ್ಯಾಗ ಒಂದು ಮೀನು.
ಅಚ್ಚಿಂದಲ್ಲ. ಚಾಕುವಿಲೆ ಕೊರದದ್ದು.
ಬಾಲ ಹರಿದು ಮತ್ತ ಅಂಟಿಸಿದ ಬೆರಳಿನ ಗುರುತು,
ಕಣ್ಣಿಗೆ ಒಂದು ಲವಂಗ.

ಮುಖಕ್ಕ ತಣ್ಣೀರು ಗೊಜ್ಜಿಕೊಂಡೆ ಮೂರು ಸಲ.
ರೆಜಿಮೆಂಟಿನ ಬ್ಯೂಗಲ್ ಊದೂತನಾ ರೆಪ್ಪಿ ಕೂಡಿಸಲಿಲ್ಲ.
ಆದರೂ ಅದು ಉಬ್ಬಿ ಉಬ್ಬಿ
ಹೊರಗ ಬರೂವಾಗ ಥೇಟ್ ಮಾವಿನಕಾಯಿ.

ಆರಲಿ ಅಂತ
ಎರಡೂ ತಾಟಿನ ನಡುವ ಹಲಗಿಯ ಮ್ಯಾಲೆ ಇಟ್ಟೇನಿ.
ಮೊದಲು ಬಂದಾಕಿ ಕೇಳಲಿ.